ಏಳನೇ ಗುಂಡಿಯ ಗಂಡು

ಅಯ್ಯೋ, ಆ ಫ್ಯಾನ್ ಸ್ವಿಚ್ಚಿಂದ ಕೈ ತೆಗಿಯೇ! ತೆಗಿ ಅಂದ್ರೆ ತೆಗಿ... ಹಾಂ, ಹಾಗೆ. ಹನ್ನೊಂದು ವರ್ಷ ಈ ಕಡೆ ತಲೆ ಹಾಕ್ಲಿಲ್ಲ ಅಂತ ಈ ರೂಮಿನ ಮೊದಲನೇ ನಿಯಮವೇ ಮರ್ತುಹೋಯ್ತಾ? ಹುಳ ಮೇಜಿನ ಮೇಲಿದ್ರೆ ಫ್ಯಾನಿಲ್ಲ. ಸೆಕೆ ಆದ್ರೆ ಬೆವರಬೇಕು, ಅಷ್ಟೆ. ಒಂದು ಸಲ ಗಾಳಿ ಬೀಸ್ತು ಅಂದ್ರೆ ಯಾರ ಕಾಲು, ಯಾರ ಮೀಸೆ ಅಂತ ಆಮೇಲೆ ದೇವ್ರು ಬಂದ್ರೂ ಹೇಳೋಕಾಗಲ್ಲ. ಬಾ, ಕೂತ್ಕೋ. ಆ ಸ್ಟೂಲ್ ಬೇಡ, ಅದರ ಒಂದು ಕಾಲು ಮೋಸ ಮಾಡುತ್ತೆ. ನನ್ನ ಕುರ್ಚಿ ತಗೋ.

ಏನೇ ಇದು, ಚೆನ್ನಾಗಿದೀರಾ ಅಕ್ಕ ಅಂತ ಒಂದು ಮಾತಿಲ್ಲ ಕತೆಯಿಲ್ಲ, ಸೀದಾ ಮೈಕ್ರೋಸ್ಕೋಪಿಗೇ ಕಣ್ಣು ಹಚ್ಚಿಬಿಟ್ಯಲ್ಲ! ಚೆನ್ನಾಗಿದೀನಿ, ಕೇಳಿದ್ದಕ್ಕೆ ಸಂತೋಷ. ಎರಡೂ ಕಣ್ಣಿನ ಪೊರೆ ತೆಗೆಸ್ದೆ. ನಾಳೆ ಬೀಳ್ಕೊಡುಗೆ ನಂಗೆ. ಮೇಲೆ ಹಾಲ್‌ನಲ್ಲಿ ಕುರ್ಚಿ ಹಾಕ್ತಿದಾರೆ, ಬರ್ತಾ ನೋಡಿರ್ತೀಯ. ಮೂವತ್ನಾಲ್ಕು ವರ್ಷ ಹುಳಕ್ಕೆ ಸೂಜಿ ಚುಚ್ಚಿದ ಸೂಜಿ ಅಕ್ಕಂಗೆ ಒಂದು ಹಾರ, ಒಂದು ಗೋಡೆ ಗಡಿಯಾರ. ಡೈರೆಕ್ಟರ್ ಸಾಹೇಬ್ರು ಭಾಷಣ ಮಾಡ್ತಾರಂತೆ. ನೀನೂ ಬಾ ಅಂತ ಕರೀಬೇಕು ಅಂದ್ಕೊಂಡೆ, ಆದ್ರೆ ಈ ಬಿಲ್ಡಿಂಗಿಗೆ ನಿನ್ನನ್ನ ಯಾವ ಬಾಯಲ್ಲಿ ಕರೀಲಿ...

ಹೂಂ, ಅದೇ. ಅದೇ ಹುಳ ಕಣೇ, ಏಳನೇ ಗುಂಡಿಯ ಗಂಡು. ಕೆಂಪು ಚೀಟಿ ಇನ್ನೂ ಹಾಗೇ ಇದೆ ನೋಡು. ಹೊಸ ಜಾತಿ ಅಂತ ಲೋಕಕ್ಕೆ ಮೊದಲು ತೋರಿಸೋ ಹುಳಕ್ಕೆ ಮಾತ್ರ ಆ ಕೆಂಪು. ಅದನ್ನ ಬರೆದು ಸೂಜಿಗೆ ಚುಚ್ಚಿದ ದಿನ ನೀನು ಈ ರೂಮಿನ ತುಂಬ ಕುಣಿದಿದ್ದೆ. ಕೆಳಗಿನ ಚೀಟಿ ಓದ್ಬೇಡ. ಓದ್ದ್ಯಾ? ಹುಳ ಪರೀಕ್ಷೆ ಮಾಡೋಕೆ ಹೊರಗಿಂದ ಬಂದ ಆ ತಜ್ಞ ಬರೆದು ಚುಚ್ಚಿದ್ದು ಅದು. 'ತಲೆ ಒಂದು ಜಾತಿಯದು, ಮೈ ಇನ್ನೊಂದರದು, ಅಂಟಿಸಲಾಗಿದೆ.' ಎಷ್ಟು ಸಣ್ಣ ಅಕ್ಷರ! ಒಂದು ಹುಡುಗಿಯ ಬದುಕನ್ನ ಅಷ್ಟು ಸಣ್ಣ ಅಕ್ಷರದಲ್ಲಿ ಬರೆದು ಮುಗಿಸಿಬಿಟ್ಟ.

ನಿನ್ನ ಪತ್ರ ಓದ್ದೆ. ಆ ಮ್ಯೂಸಿಯಮ್ಮಿನೋರು ನಿಂಗೆ ಕೆಲಸ ಕೊಡೋಕೆ ತಯಾರು, ಆದ್ರೆ ಆ ಹಳೇ ಅಂಟಿಸಿದ ಹುಳದ ಬಗ್ಗೆ ನಾಳೆಯೊಳಗೆ ಲಿಖಿತವಾಗಿ ವಿವರಣೆ ಕೊಡ್ಬೇಕು ಅಂತ ತಾನೆ? ಮತ್ತೆ ನೀನು ಏನು ಬರೀಬೇಕು ಅಂದ್ಕೊಂಡಿದೀಯ... 'ಬಹುಶಃ ನನ್ನ ಕೈಯಿಂದಲೇ ತಪ್ಪಾಗಿರಬೇಕು' ಅಂತ. ಸಹಿ ಹಾಕೋ ಮೊದ್ಲು ಒಂದು ಸಲ ಕಣ್ಣಾರೆ ನೋಡ್ಬೇಕು ಅನ್ನಿಸ್ತು ನಿಂಗೆ, ಅದಕ್ಕೇ ಬಂದೆ. ನೋಡು, ಬೇಡ ಅನ್ನಲ್ಲ. ಆದ್ರೆ ಅಕ್ಕನ ಮಾತು ಕೇಳೋದಾದ್ರೆ ಬರ್ಕೊಟ್ಬಿಡು ಕಣೇ. ತಪ್ಪಾಯ್ತು ಅಂದ್ರೆ ತಲೆ ಏನು ಹೋಗಲ್ಲ. ಚಿಕ್ಕೋಳಿದ್ದೆ, ಸಾವಿರದ ನೂರು ಹುಳ ಒಟ್ಟಿಗೆ ಚುಚ್ಚೋದಿತ್ತು, ಎಲ್ಲೋ ಒಂದು ಕಡೆ ಕೈ ತಪ್ಪಿತು ಅಂತ ಬರಿ. ಅವ್ರೂ ಮನುಷ್ಯರೇ. ಮುಗಿದ್ಹೋಗ್ಲಿ.

ಯಾಕೆ, ಬೇಜಾರಾಯ್ತಾ? ನಾನೇನು ನೀನು ಬೇಕಂತ ಅಂಟಿಸ್ದೆ ಅಂದ್ನಾ? ಹಾಗಂದೋರು ಆ ವಿಚಾರಣೆ ನಡೆಸಿದೋರು. ಡಿಗ್ರಿ ಆಸೆಗೆ ಎರಡು ಹುಳ ಸೇರಿಸಿ ಒಂದು ಹೊಸ ಜಾತಿ ಹುಟ್ಟಿಸಿದ್ಲು ಅಂದ್ರಲ್ಲ, ಅವ್ರ ಬಾಯಿಗೆ ಹುಳ ಬೀಳ! ಬಿತ್ತು ಅಂದ್ರೂ ಯಾವ ಜಾತಿಯ ಹುಳ ಅಂತ ಅವ್ರಿಗೆ ಗೊತ್ತಾಗಲ್ಲ ಬಿಡು.

ನಕ್ಕೆ ನೀನು! ನಾನು ನೋಡ್ದೆ, ನಕ್ಕೆ. ಅಬ್ಬ, ಇಷ್ಟು ಹೊತ್ತಿಗೆ ನನ್ನ ಗುಂಡಿ ನಕ್ಕಳು.

ಗುಂಡಿ ಅಂತ ಹೆಸರಿಟ್ಟೋಳು ನಾನೇ ತಾನೆ. ಮೂರು ತಿಂಗಳು ಕಾಡಲ್ಲಿ ಗುಂಡಿ ತೋಡಿದೋಳಿಗೆ ಇನ್ನೇನು ಅನ್ನೋದು? ಒಂದೊಂದು ಗುಂಡೀಲೂ ಒಂದು ಲೋಟ, ಅದರಲ್ಲಿ ಸೋಪಿನ ನೀರು, ಮೇಲೆ ಕಡ್ಡಿಗೆ ಕಟ್ಟಿದ ಬಟ್ಟೆ ಗಂಟು. ಗಂಟಿನೊಳಗಿನ ಎರೆ ಏನು ಅಂತ ಕೇಳಿದ್ದಕ್ಕೆ ನೀನು ನಾಚಿಕೆ ಬಿಟ್ಟು ಹೇಳಿದ್ದೆ, ಹಂದೀದು ಸಿಕ್ರೆ ಹಂದೀದು, ಇಲ್ದಿದ್ರೆ ನಮ್ದೇ ಅಕ್ಕ, ಸೆಗಣಿ ಹುಳಕ್ಕೆ ಮನುಷ್ಯರದ್ದು ಅಂದ್ರೆ ಪ್ರಾಣ ಅಂತ! ಅದನ್ನ ಊಟದ ಡಬ್ಬೀಲಿ ಹಾಕ್ಕೊಂಡು ಬಸ್ ಹತ್ತಿದ್ದು, ಪಕ್ಕದ ಹೆಂಗಸು ಏನಮ್ಮ ಅಡುಗೆ ಅಂತ ಕೇಳಿದ್ದು... ಇಡೀ ಬಸ್ಸಲ್ಲಿ ನಿಂಗೊಬ್ಬಳಿಗೇ ಸೀಟು ಖಾಲಿ ಮಾಡ್ಕೊಟ್ಟಿದ್ರಂತಲ್ಲ. ಆ ಕತೆ ಹೇಳಿ ಹೇಳಿ ಈ ರೂಮಲ್ಲಿ ಎಷ್ಟು ನಗಿಸಿದೀಯ ನೀನು. ನನ್ನ ಮಗಳು ದೂರ ಮದುವೆಯಾಗಿ ಹೋದ ವರ್ಷ ಅದು. ನೀನಿಲ್ದೇ ಇದ್ದಿದ್ರೆ ನಂಗೆ ಆ ವರ್ಷ ಕಳೀತಾನೇ ಇರ್ಲಿಲ್ಲ. ಸುಳ್ಳಲ್ಲ.

ಮತ್ತೆ ಗಂಭೀರ ಆದ್ಯಲ್ಲ. ಏನು ಕಾಣ್ತಿದೆ? ಅಂಟು ಕಾಣ್ತಿದ್ಯಾ? ಹೂಂ, ಕತ್ತಿನ ಸುತ್ತ ಬೆಳ್ಳಗೆ. ಅದು ಯಾರ ಕೈಯಾದ್ರೂ ಇರಬಹುದು ಕಣೇ. ಈ ಅಂಟು ಎಲ್ಲರ ಮೇಜಿನ ಮೇಲೂ ಇತ್ತು. ನಂಗೆ ಮೊದ್ಲಿಂದ ಆ ತಜ್ಞನ ಮೇಲೇ ಅನುಮಾನ. ಬಂದ, ಅರ್ಧ ಗಂಟೆ ತಿರುಗಿಸಿ ತಿರುಗಿಸಿ ನೋಡ್ದ, ಈ ಕವಲು ಕೊಂಬಿನ ತಲೆ ಬೇರೆ ಕಡೆ ಕಾಡಿನದು, ನಂಗೆ ಗೊತ್ತು ಅಂದ. ಅವನೇ ಯಾಕೆ ಮುರಿದು ಅಂಟಿಸಿರಬಾರ್ದು? ಇಲ್ಲ ಅಂತೀಯಾ? ಹೌದು, ನೀನು ಬರೆದ ಚಿತ್ರದಲ್ಲೂ ಅದೇ ತಲೆ ಇತ್ತು, ಅವ್ನು ಬರೋಕೆ ಎರಡು ವರ್ಷ ಮೊದ್ಲೇ. ಸರಿ, ಅವ್ನಲ್ಲ. ಹಾಗಾದ್ರೆ ಕಾಡಲ್ಲೇ ಸ್ಪಿರಿಟ್ ಬಾಟ್ಲಿಯೊಳಗೆ... ಅದೂ ಅಲ್ಲ, ಬಾಟ್ಲಿಯೊಳಗೆ ಅಂಟು ಎಲ್ಲಿಂದ ಬರ್ಬೇಕು. ಕಸ ಗುಡಿಸೋಳು? ಅವ್ಳಿಗೆ ಹುಳ ಕಂಡ್ರೇ ಆಗ್ತಿರ್ಲಿಲ್ಲ.

ಮೈಕ್ರೋಸ್ಕೋಪಿನ ತಿರುಪು ತಿರುಗಿಸಿದ್ದು ಸಾಕು, ಈ ಕಡೆ ಕೇಳು.

ಒಂದು ಹೇಳ್ತೀನಿ. ನಷ್ಟ ನಿಂಗೊಬ್ಬಳಿಗೇ ಆಗಿದ್ದಲ್ಲ. ಹುಳಕ್ಕೆ ಇಟ್ಟಿದ್ದು ಯಾರ ಹೆಸರು? ನಂದು. ನನ್ನ ಹೆಸರಿಗೆ ಲ್ಯಾಟಿನ್ ಬಾಲ ಕಟ್ಟಿ ಪುಸ್ತಕದಲ್ಲಿ ಹಾಕಿಸ್ದೆ ನೀನು. ಇಲ್ಲಿ ಎಷ್ಟು ಜನ ಬಂದ್ರು, ಡಾಕ್ಟರಾದ್ರು, ದೊಡ್ಡೋರಾದ್ರು, ಅವ್ರ ಒಂದೊಂದು ಹುಳಾನೂ ನಾನು ನೆನೆಸಿ, ಮೃದು ಮಾಡಿ, ಬಲ ರೆಕ್ಕೆ ಚಿಪ್ಪಿಗೆ ಸರಿಯಾಗಿ ಚುಚ್ಚಿ, ಆರು ಕಾಲು ಬಿಡಿಸಿ ನಿಲ್ಲಿಸ್ದೆ. ಥ್ಯಾಂಕ್ಸ್ ಅಂತ ಪುಸ್ತಕದ ಕೊನೇಲಿ ಒಂದು ಸಾಲು ಬರೀಲಿಲ್ಲ ಒಬ್ರೂ. ನೀನು ಹೆಸರೇ ಇಟ್ಟೆ. ಆಮೇಲೆ ಅವ್ರು ಆ ಹೆಸರಿನ ಮೇಲೆ ಗೀಟು ಎಳೆದಾಗ ನನ್ನ ಎದೆ ಮೇಲೇ ಎಳೆದ ಹಾಗಾಯ್ತು. ಅದಕ್ಕೇ ಹೇಳ್ತಿರೋದು, ನಾವಿಬ್ರೂ ಒಂದೇ ದೋಣೀಲಿ ಮುಳುಗಿದೋರು.

ನಂಗೆ ಸಿಟ್ಟು ಬರೋದು ಯಾವುದಕ್ಕೆ ಗೊತ್ತಾ? ನಿನ್ನ ಕಣ್ಣು ತಪ್ಪು ಮಾಡಿರ್ಲಿಲ್ಲ. ಮೈ ಮಟ್ಟಿಗೆ ನೀನು ಹೇಳಿದ್ದೆಲ್ಲ ಸರಿಯೇ. ಆ ಬೆನ್ನಿನ ಗೆರೆ, ಮುಂಗಾಲಿನ ಹಲ್ಲು, ಹೊಟ್ಟೆ ಬಿಡಿಸಿ ಗಂಡಿನ ಅಂಗ ತೆಗೆದು ಕಾರ್ಡಿಗೆ ಅಂಟಿಸಿದ್ಯಲ್ಲ, ಅದರ ಕೊಕ್ಕೆ... ಯಾವ ಜಾತಿಯಲ್ಲೂ ಅಂಥದ್ದಿಲ್ಲ. ಅದು ಹೊಸದೇ ಕಣೇ. ಖಂಡಿತ ಹೊಸದು. ಹಾಳಾದ್ದು ಆ ಕವಲು ಕೊಂಬು ಬಂದು ಎಲ್ಲ ಕೆಡಿಸ್ತು. ಅದಕ್ಕೆಲ್ಲಿ ಕೊಂಬಿತ್ತು ಪಾಪ! ಬೋಳು ಹಣೆ, ನಡುವೆ ಒಂದು ಸಣ್ಣ ಉಬ್ಬು, ಅದರ ಎಡಕ್ಕೆ ಸೂಜಿಮೊನೆಯಷ್ಟು ಒಂದು ಗುಳಿ, ಮಗುವಿನ ಕೆನ್ನೆ ಗುಳಿ ಹಾಗೆ...

ಏನು?

ಯಾಕೆ ಹಾಗೆ ತಲೆ ಎತ್ತಿದೆ? ನಾನೇನಂದೆ? ಕೊಂಬಿರ್ಲಿಲ್ಲ ಅಂದೆ, ಅಷ್ಟೆ. ಆ ತಜ್ಞ ಬರೆದಿದ್ದ ಅನ್ಸುತ್ತೆ... ಬರ್ದಿಲ್ವಾ? ಇಲ್ಲ, ಅವ್ನು ಹೇಗೆ ಬರೀತಾನೆ, ಅವ್ನು ನೋಡಿದ್ದು ಈ ತಲೇನೇ ತಾನೆ. ನೀನು ಹೇಳಿದ್ದೆ ಯಾವಾಗ್ಲೋ. ನೀನೂ ಅಲ್ಲ. ನೀನು ಅದನ್ನ ಮೈಕ್ರೋಸ್ಕೋಪಿನ ಕೆಳಗೆ ಇಟ್ಟಾಗ ಅದು ಸೂಜಿ ಮೇಲಿತ್ತು, ಈ ತಲೆ ಇತ್ತು. ಹಾಗೇ ಊಹೆ ಮಾಡ್ದೆ ಕಣೇ. ಮೂವತ್ನಾಲ್ಕು ವರ್ಷದ ಅನುಭವ. ಅಂಥ ಮೈಗೆ ಅಂಥ ಹಣೆ ಇರುತ್ತೆ ಅಂತ...

ಗುಳಿ ಊಹೆ ಮಾಡೋಕಾಗಲ್ಲ. ಗೊತ್ತು. ಗೊತ್ತು, ನೀನು ಹಾಗೆ ನೋಡ್ಬೇಡ.

ಹೂಂ. ಅದು ನನ್ನ ಮೇಜಿಗೆ ಬಂದಿತ್ತು.

ವಿಚಾರಣೇಲಿ ಇಲ್ಲ ಅಂದೆ. 'ಆ ಹುಳ ನನ್ನ ಮೇಜಿಗೆ ಬರ್ಲೇ ಇಲ್ಲ, ಅರ್ಧಕ್ಕರ್ಧ ಹುಳಗಳನ್ನ ಹುಡುಗಿಯೇ ಚುಚ್ಚಿದ್ದು' ಅಂದೆ. ಐದು ಜನ ಉದ್ದದ ಮೇಜಿನ ಆಚೆ ಕೂತಿದ್ರು. ಒಬ್ರು ನೀರು ಕೊಟ್ರು. ಅಷ್ಟು ವರ್ಷ ದುಡಿದಿದ್ರೂ ಆಗ ನಂಗಿನ್ನೂ ಕೆಲಸ ಕಾಯಂ ಆಗಿರ್ಲಿಲ್ಲ, ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಯಾರಿಗೂ ಹೇಳಿರ್ಲಿಲ್ಲ. ಕಣ್ಣು ಕಾಣದ ಸೂಜಿ ಅಕ್ಕನ್ನ ಯಾರು ಇಟ್ಕೋತಾರೆ? ಹೊರಗೆ ಬಂದ್ರೆ ನೀನು ಬೆಂಚಿನ ಮೇಲೆ ಕೂತಿದ್ದೆ, ಮುಂದಿನ ಸರದಿ ನಿಂದು. ಎದ್ದು ನನ್ನ ಕೈ ಹಿಡ್ಕೊಂಡೆ. ನೀವು ಒಳಗೆ ಹೋಗಿಬಂದ್ರಿ ಅಂದ್ರೆ ಧೈರ್ಯ ಅಕ್ಕ ಅಂದೆ. ಒಳಗೆ ಹೋಗಿ, ಅಕ್ಕ ಹಾಗಂದಿದ್ರೆ ಅದು ನಿಜವೇ, ನಾನೇ ಚುಚ್ಚಿರಬೇಕು, ನಂಗೆ ನೆನಪಿಲ್ಲ ಅಂದ್ಯಂತೆ. ಸಾವಿರದ ನೂರರಲ್ಲಿ ಒಂದು ಹುಳ, ಯಾರಿಗೆ ನೆನಪಿರುತ್ತೆ?

ನಂಗಿತ್ತು.

ಆವತ್ತು ಬೆಳಿಗ್ಗೆ ಹನ್ನೊಂದರ ಸುಮಾರು. ನೀನು ಇನ್ನೂ ಕಾಡಲ್ಲೇ ಇದ್ದೆ, ಮೊದಲ ಕಂತಿನ ಬಾಟ್ಲಿ ಕಳಿಸಿದ್ದೆ. ಏಳನೇ ಗುಂಡೀದು ತೆಗೆದೆ. ಒಂದೇ ಒಂದು ಗಂಡು. ಮೈಕ್ರೋಸ್ಕೋಪಿನ ಕೆಳಗೆ ಆ ಬೋಳು ಹಣೆ ನೋಡಿ ಎಲಾ, ಇವನ್ಯಾರು ಅಂತ ಅಂದ್ಕೊಂಡೆ. ಅದೇ ಮೇಜಿನ ಮೇಲೆ ಇನ್ನೊಂದು ಕಾಡಿಂದ ಬಂದ ಹುಳಗಳ ತಟ್ಟೆಯೂ ಇತ್ತು, ಅದೇ ಗಾತ್ರ, ಅದೇ ಕಪ್ಪು. ಮಧ್ಯಾಹ್ನದೊಳಗೆ ಎರಡನ್ನೂ ಮುಗಿಸೋ ಆತುರ. ಸರಿಯಾಗಿ ನೆನೆಸ್ದೇ ಸೂಜಿ ಒತ್ತಿದೆ. ಒಂದರ ತಲೆ ಟಕ್ ಅಂತು. ಇನ್ನೊಂದರದ್ದೂ ಟಕ್ ಅಂತು. ಪರವಾಗಿಲ್ಲ, ದಿನಾ ಆಗೋದೇ, ಎರಡೂ ತಲೆ ಬಿಳಿ ಹಾಳೆ ಮೇಲೆ ಇಟ್ಟೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಸೆಕೆ. ಬೆವರು ಕಣ್ಣಿಗಿಳೀತಿತ್ತು, ಮೊದಲೇ ಕಣ್ಣು ಮಂಜು. ಎದ್ದು ಹೋಗಿ ನಾನೇ... ನಾನೇ ಫ್ಯಾನ್ ಹಾಕ್ದೆ ಕಣೇ. ಒಂದು ಚೂರು ಗಾಳಿಗೆ ಅಂತ. ತಿರುಗಿ ನೋಡೋಷ್ಟರಲ್ಲಿ ಹಾಳೆ ನೆಲದ ಮೇಲೆ. ಮಂಡಿಯೂರಿ ಹುಡುಕಿ ಎರಡೂ ತಲೆ ಆರಿಸ್ಕೊಂಡೆ. ಯಾವುದು ಎಡದ್ದು, ಯಾವುದು ಬಲದ್ದು? ಮತ್ತೆ ಮೈಕ್ರೋಸ್ಕೋಪಿಗೆ ಇಟ್ಟು ನೋಡೋ ತಾಳ್ಮೆ ಇರ್ಲಿಲ್ಲ, ಬರೀ ಆ ಮಂಜು ಕಣ್ಣಿಗೆ ಎರಡೂ ಒಂದೇ ಕಪ್ಪು ಚುಕ್ಕೆ. ಕತ್ತಿಗೆ ಕೂರಿಸಿ ನೋಡ್ದೆ, ಕೂತ್ಕೊಂಡ್ತು, ಅಂಟಿಸ್ದೆ. ರಿಜಿಸ್ಟರಲ್ಲಿ ರಿಪೇರಿ ಅಂತ ಬರೀಬೇಕಿತ್ತು. ಬರೆದ್ರೆ ಒಂದೇ ದಿನ ಎರಡು ತಲೆ ಮುರಿದ್ಲು ಅಂತಾರೆ. ಬರೀಲಿಲ್ಲ.

ಅಷ್ಟೆ. ಕೈ ತಪ್ಪು. ಯಾರಿಗಾದ್ರೂ ಆಗೋದು. ನಂಗೆ ಗೊತ್ತೇ ಆಗ್ಲಿಲ್ಲ ತಲೆ ಅದಲುಬದಲಾಗಿದೆ ಅಂತ. ಆ ಕಣ್ಣಲ್ಲಿ ಹೇಗೆ ಗೊತ್ತಾಗುತ್ತೆ ಹೇಳು? ನೀನು ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕ್ಕೋಬೇಕು.

...ಇನ್ನೂ ಯಾಕೆ ನೋಡ್ತಿದೀಯ? ಹೇಳ್ದೆನಲ್ಲ ಎಲ್ಲಾನೂ. ಬೈ ಬೇಕಾದ್ರೆ. ಎರಡು ಬಾರಿಸು. ಹೀಗೆ ಕೈಕಟ್ಟಿ ಕೂರ್ಬೇಡ್ವೇ, ನಂಗೆ ತಡ್ಕೊಳ್ಳೋಕಾಗಲ್ಲ. ನೀನು ಮಾತಾಡೋಳು, ಬಸ್ಸಲ್ಲಿ ಡಬ್ಬಿ ಇಟ್ಕೊಂಡು ಊರೆಲ್ಲ ನಗಿಸಿದೋಳು...

ಆಮೇಲಾದ್ರೂ ಗೊತ್ತಾಯ್ತಾ ಅಕ್ಕ ಅಂತ. ಅದು ತಾನೆ ನಿನ್ನ ಪ್ರಶ್ನೆ?

ಕೇಳ್ಲಿಲ್ಲ ನೀನು. ಹೌದು, ಕೇಳ್ಲಿಲ್ಲ.

ಇರು. ಈ ಮೇಜಿನ ಕೆಳಗಿನ ಡ್ರಾ... ಬಿಗಿ ಇದೆ. ಬಂತು. ತಗೋ ಈ ಡಬ್ಬಿ. ಬೀಳಿಸ್ಬೇಡ. ಒಳಗಿರೋದು ಆ ಇನ್ನೊಂದು ತಟ್ಟೆಯ ಹುಳ. ಮೈ ಆ ದೂರದ ಕಾಡಿಂದು, ಎಲ್ಲೂ ಸಿಗೋ ಸಾಧಾರಣ ಜಾತಿ. ತಲೆ ನೋಡು, ತಲೆ. ಬೋಳು ಹಣೆ. ಉಬ್ಬು. ಗುಳಿ ಕಾಣ್ತಾ? ಅದು ನಿನ್ನ ಹುಳದ ತಲೆ. ಆ ತಟ್ಟೆಯಿಂದ ಇದೊಂದನ್ನ ನಾನೇ ಎತ್ತಿಟ್ಟೆ. ವಿಚಾರಣೆ ಆದ ಮೇಲಲ್ಲ. ಅದಕ್ಕೂ ಮೊದ್ಲು. ನೀನು ಈ ಹೊಸ ಜಾತಿಯ ಪೇಪರ್ ಬರೆದು ಅಚ್ಚಿಗೆ ಕಳಿಸೋಕೂ ಮೊದ್ಲು.

ನೀನು ಚಿತ್ರ ಬರೆದು ತಂದು ತೋರಿಸಿದ ದಿನ. ಇಷ್ಟು ದೊಡ್ಡ ಹಾಳೆ ತುಂಬ ಹುಳ. ಅಷ್ಟು ದೊಡ್ಡದು ಯಾವ ಪೊರೆಗಣ್ಣಿಗೂ ಕಾಣುತ್ತೆ. ಕವಲು ಕೊಂಬು ನೋಡ್ದೆ, ಆವತ್ತಿನ ಬೋಳು ಹಣೆ ನೆನಪಾಯ್ತು. ಅಯ್ಯೋ ಹುಡುಗಿ, ಇದರ ತಲೆ ಇದಲ್ಲ ಅನ್ನೋಕೆ ಬಾಯಿ ತೆಗೆದಿದ್ದೆ ಕಣೇ. ತೆಗೆದಿದ್ದೆ! ಆಗ ನೀನು ಹಾಳೆ ತಿರುಗಿಸ್ದೆ. ಕೆಳಗೆ ಹೆಸರು ಬರ್ದಿತ್ತು. ಓದಿ ಅಕ್ಕ, ಓದಿ ಅಂತ ಹಿಂದಿಂದ ಕತ್ತು ತಬ್ಕೊಂಡೆ. ಓದ್ದೆ. ನನ್ನ ಹೆಸರು. ನನ್ನ ಅಪ್ಪ ಅಮ್ಮ ಇಟ್ಟ ಹೆಸರು, ಈ ಬಿಲ್ಡಿಂಗಲ್ಲಿ ಒಬ್ಬರ ಬಾಯಲ್ಲೂ ಬರದ ಹೆಸರು. ಬಾಯಿ ಮುಚ್ಕೊಂಡ್ಬಿಟ್ಟೆ.

ಮೂರು ವಾರ ಇತ್ತು. ನೀನು ಪೇಪರ್ ಕಳಿಸೋಕೆ ಮೂರು ವಾರ. ದಿನಾ ಬರ್ತಿದ್ದೆ, ಇಲ್ಲೇ ಕೂತು ಒಟ್ಟಿಗೆ ಊಟ ಮಾಡ್ತಿದ್ವಿ. ಇವತ್ತು ಹೇಳ್ತೀನಿ, ಕೈ ತೊಳ್ಕೊಂಡು ಬಂದು ಹೇಳ್ತೀನಿ, ನಾಳೆ ಹೇಳ್ತೀನಿ. ಹೇಳಿದ್ರೆ ಏನಾಗ್ತಿತ್ತು? ಬಿಸಿನೀರಲ್ಲಿ ಅರ್ಧ ಗಂಟೆ ಹಾಕಿದ್ರೆ ಅಂಟು ಬಿಡ್ತಿತ್ತು, ತಲೆ ಬದಲಿಸಿದ್ರೆ ಆಯ್ತು. ನಿನ್ನ ಹೊಸ ಜಾತಿ ಹೊಸ ಜಾತಿಯಾಗೇ ಉಳೀತಿತ್ತು. ಅರ್ಧ ಗಂಟೆ ಕೆಲಸ! ಆದ್ರೆ ಮುರಿದೋಳು ನಾನು, ಮುಚ್ಚಿಟ್ಟೋಳು ನಾನು ಅಂತ ಗೊತ್ತಾದ ಮೇಲೂ ನೀನು ಅದಕ್ಕೆ ನನ್ನ ಹೆಸರು ಇಡ್ತಿದ್ಯಾ? ಅದೊಂದೇ ಲೆಕ್ಕ ನನ್ನ ತಲೇಲಿ. ನಂಗೆ ಹೆಸರು ಬೇಕಿತ್ತು. ಕಣ್ಣು, ಕೆಲಸ, ಅದೆಲ್ಲ ಆಮೇಲೆ ಕೂಡಿಸ್ಕೊಂಡ ನೆಪ. ಒಂದು ಹುಳಕ್ಕಾದ್ರೂ ನನ್ನ ಹೆಸರಿರ್ಲಿ ಅನ್ನಿಸ್ತು, ಅದಕ್ಕೆ ನಿನ್ನನ್ನ ಬಲಿ ಕೊಟ್ಟೆ. ನಿನ್ನನ್ನ! ಈಗ ಸ್ವಲ್ಪ ಹೊತ್ತಿನ ಹಿಂದೆ ಬರ್ಕೊಟ್ಬಿಡು, ತಪ್ಪು ನಂದೇ ಅನ್ನು ಅಂತ ಬೇರೆ ಬುದ್ಧಿ ಹೇಳ್ದೆ.

ಅಳ್ತಿದೀಯಾ? ಇಲ್ಲ. ಅಳು ಬಂದಿದ್ರೆ ಚೆನ್ನಾಗಿತ್ತು.

ಮೈಕ್ರೋಸ್ಕೋಪಿಗೆ ಹಾಕ್ತಿದೀಯಾ ಅದನ್ನ? ಹಾಕು. ನೋಡು. ಎರಡೂ ಪಕ್ಕಪಕ್ಕ ಇಟ್ಟು ನೋಡು. ಹನ್ನೊಂದು ವರ್ಷ ನಿನ್ನ ಮೇಲೆ ನೀನೇ ಅನುಮಾನ ಪಟ್ಕೊಂಡು ಬದುಕಿದೀಯ ಅಲ್ವಾ? ದಿನಾ ಎದ್ದು, ನಾನೇ ಮಾಡಿರ್ತೀನಾ, ನಂಗೇ ಮರೆತಿರುತ್ತಾ ಅಂತ. ನಾನು ಇಲ್ಲಿ ಹಾಯಾಗಿ ಸೂಜಿ ಚುಚ್ಕೊಂಡಿದ್ದೆ. ಹಾಯಾಗಿ ಅಂದ್ರೆ ಅದೂ ಸುಳ್ಳು, ಆದ್ರೆ ಇದ್ದೆ.

ಎದ್ಯಾ? ಎಲ್ಲಿಗೆ? ಹುಳ ಬಿಟ್ಟು ಹೋಗ್ಬೇಡ... ಬಾಗಿಲು ತೆಗ್ದು ಯಾಕೆ ನಿಂತಿದೀಯ? ಹೋಗೋದಾದ್ರೆ ಹೋಗು, ನಿಂಗೆ ಹಕ್ಕಿದೆ. ನಿಂತು ಏನು ಕಾಯ್ತಿದೀಯ...

ಓ.

ನಾನೇ ಬಂದು ಬಾಯ್ಬಿಟ್ಟು ಹೇಳ್ಬೇಕಾ? ಸಾಹೇಬ್ರು ಮೇಲಿದಾರೆ. ಹಾಲ್‌ನಲ್ಲೇ ಇದಾರೆ, ನಾಳೆಗೆ ಕುರ್ಚಿ ಹಾಕಿಸ್ತಾ. ಎಲ್ರೂ ಅಲ್ಲೇ ಇದಾರೆ ಕಣೇ, ಇಡೀ ಆಫೀಸು. ಒಂದು ಚೀಟೀಲಿ ಬರ್ಕೊಟ್ರೆ ಆಗಲ್ವಾ? ನಾಳೆ ಒಂದು ದಿನ ಕಳೀಲಿ, ನಾಡಿದ್ದು...

ಇಲ್ಲ. ಸರಿ. ನಡಿ. ಡಬ್ಬಿ ನಿನ್ನ ಕೈಯಲ್ಲೇ ಇರ್ಲಿ, ನಂಗೆ ಕೊಡ್ಬೇಡ. ನೀನು ಮುಂದೆ ಹೋಗು, ನಾನು ಹಿಂದೆ ಬರ್ತೀನಿ... ಅಲ್ಲ, ತಡಿ. ನಾನು ಮುಂದೆ ಹತ್ತುತೀನಿ. ನೀನು ಹಿಂದೆ ಬಾ. ನೀನು ಹಿಂದಿದ್ರೆ ನಾನು ಮಧ್ಯದಲ್ಲಿ ತಿರುಗಿ ಇಳಿಯೋಕಾಗಲ್ಲ.